ಸೈಕಲ್ಲಿನ ಮೇಲೊಂದು ಗೊರಬೆ

ಕೊಡಗಿನವರಿಗೆ ಕಕ್ಕಡ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಮದುವೆ ಮುಂಜಿಗಳಿಲ್ಲ, ಶುಭಕಾರ್ಯಗಳಿಲ್ಲ. ಇರುವುದು ಮಳೆ ಮತ್ತು ಗದ್ದೆ. ತಿಂಗಳ 18ನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುವುದು ಮೈಗೆ ಕಾವು ಬರಲಿ ಎಂದು. ಸೊಪ್ಪಿನ ಗುಣದ ಬಗ್ಗೆ ಯಾರು ಏನೇ ವಾದ ಮಾಡಲಿ, ಕಾವು ಬೇಕಾಗಿತ್ತು ಎಂಬುದರಲ್ಲಿ ವಾದವಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡಬೇಕು, ಬೆನ್ನ ಮೇಲೆ ಬಿಡದೆ ಮಳೆ ಹೊಯ್ಯುತ್ತಿರಬೇಕು, ಎರಡು ಕೈಗೂ ಕೆಲಸವಿರಬೇಕು. ಇಂಥ ಕಡೆ ಕೊಡೆಯಿಂದ ಏನು ಉಪಯೋಗ?

ಕೊಡೆಯ ತೊಂದರೆಯೇ ಅದು. ಅದು ಒಂದು ಕೈಯನ್ನು ತನ್ನ ಬಾಡಿಗೆಯಾಗಿ ಕೇಳುತ್ತದೆ. ದಾರಿ ನಡೆಯುವವನು ಕೊಟ್ಟಾನು, ಪೇಟೆಗೆ ಹೋಗುವವರು ಕೊಟ್ಟಾರು. ಗದ್ದೆಯಲ್ಲಿರುವವಳು ಕೊಡಲಾರಳು, ಸೈಕಲ್ ಮೇಲಿರುವವನೂ ಕೊಡಲಾರ. ನಾಟಿಯ ಹೆಣ್ಣುಮಗಳಿಗೂ ಸೈಕಲ್ ಸವಾರನಿಗೂ ಇರುವ ನೆಂಟಸ್ತನ ಇಲ್ಲಿಂದಲೇ ಶುರುವಾಗುತ್ತದೆ. ಇಬ್ಬರೂ ಬಗ್ಗಿರುತ್ತಾರೆ, ಇಬ್ಬರ ಕೈಗಳೂ ಮುಂದೆ ಚಾಚಿ ಕೆಲಸದಲ್ಲಿರುತ್ತವೆ, ಇಬ್ಬರೂ ಬೆವರುತ್ತಾರೆ. ಇಬ್ಬರಿಗೂ ಬೇಕಾದ ಮಳೆಯುಡುಪು ಒಂದೇ ಬಗೆಯದು. ಮೇಲೆ ಮುಚ್ಚಿರಬೇಕು, ಕೆಳಗೆ ತೆರೆದಿರಬೇಕು.

ಕೊಡಗಿನ ಮಳೆಯನ್ನು ಒಂದೇ ಅಂಕಿಯಲ್ಲಿ ಹೇಳಲಾಗದು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮೀರಿ ಬೀಳುತ್ತದೆ. ತಲಕಾವೇರಿಯ ತಪ್ಪಲಿನ ಭಾಗಮಂಡಲದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಅದೇ ಮಡಿಕೇರಿಯಿಂದ ಪೂರ್ವಕ್ಕೆ 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಮಳೆ ಮೂರನೆಯ ಒಂದು ಪಾಲಿನಷ್ಟಾಗುತ್ತದೆ. ಕಾಫಿ ಬೆಳೆಗಾರರು ಮಾತ್ರ ಇವತ್ತಿಗೂ ಮಿಲಿಮೀಟರಿಗೆ ಒಗ್ಗಿಲ್ಲ. ಅವರ ತೋಟದ ಲೆಕ್ಕದಲ್ಲಿ ಮಳೆ ಇಂಚು ಮತ್ತು ಸೆಂಟು. ‘ನಿನ್ನೆ ನಮ್ಮಲ್ಲಿ ನಾಲ್ಕು ಇಂಚು’ ಎಂದು ಒಬ್ಬರು ಹೇಳಿದರೆ, ಪಕ್ಕದ ಗುಡ್ಡದವರು ಐದು ಎನ್ನದೆ ಬಿಡುವುದಿಲ್ಲ. ಇಷ್ಟು ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯಬೇಕು. ಹೀಗಾಗಿ ಮಳೆ ನಿಂತ ಮೇಲೆ ಹೊರಟರಾಯಿತು ಎಂಬ ಬಯಲುಸೀಮೆಯ ಬುದ್ಧಿವಾದ ಇಲ್ಲಿ ನಡೆಯದು. ಮಳೆಯಲ್ಲೇ ಹೊರಡಬೇಕು, ಮಳೆಯಲ್ಲೇ ಮರಳಬೇಕು.

ಈ ಸೀಮೆಯ ಜನ ಇದಕ್ಕೆ ಕಂಡುಕೊಂಡ ಮೊದಲ ಉತ್ತರ ಗೊರಬೆ. ಮಲೆನಾಡಿನಲ್ಲಿ ಗೊರಬು, ಗೊರಗ ಎಂದೆಲ್ಲ ಊರಿಗೊಂದು ಹೆಸರು. ತುಳುನಾಡಿನಲ್ಲಿ ಇದರ ಒಡಹುಟ್ಟು ಕೊರಂಬು. ಬಿದಿರಿನ ತೆಳು ಸೀಳುಗಳನ್ನು ಕಣ್ಣುಕಣ್ಣಾಗಿ ಹೆಣೆದು ಎರಡು ಪದರ ಮಾಡಿ, ನಡುವೆ ತಾಳೆ ಜಾತಿಯ ಮರದ ಗರಿಯನ್ನೋ ಒಣಗಿಸಿದ ಅಗಲ ಎಲೆಗಳನ್ನೋ ಹೆಂಚಿನಂತೆ ಒಂದರ ಮೇಲೊಂದು ಬರುವಂತೆ ಹಾಸಿ ಕಟ್ಟಿದರೆ ಗೊರಬೆಯಾಯಿತು. ಆಕಾರ ಮಗುಚಿದ ದೋಣಿಯ ಅರ್ಧದಂತೆ. ಒಂದು ತುದಿ ತಲೆಯ ಮೇಲೆ ಕೂರುತ್ತದೆ, ಉಳಿದದ್ದು ಬೆನ್ನ ಮೇಲೆ ಹರಿದು ಮಂಡಿಯ ಹತ್ತಿರ ಮುಗಿಯುತ್ತದೆ. ಬಗ್ಗಿದಾಗ ಅದು ಚಾವಣಿ, ನಿಂತಾಗ ಹಿಂಗೋಡೆ. ಮುಂಭಾಗಕ್ಕೆ ಏನೂ ಇಲ್ಲ. ಬಗ್ಗಿ ನಾಟಿ ಮಾಡುವವರ ಮುಂಭಾಗಕ್ಕೆ ಮಳೆ ಬೀಳುವುದೇ ಇಲ್ಲವಲ್ಲ!

ನೋಡಲು ಒರಟಾದ ಈ ವಸ್ತುವಿನಲ್ಲಿ ಒಂದು ಸೂಕ್ಷ್ಮವುಂಟು. ಗೊರಬೆ ಮೈಗೆ ಅಂಟುವುದಿಲ್ಲ. ಬೆನ್ನಿಗೂ ಬಿದಿರಿಗೂ ನಡುವೆ ಗೇಣಿನಷ್ಟು ಜಾಗ ಇದ್ದೇ ಇರುತ್ತದೆ. ದುಡಿಯುವ ಮೈಯ ಬಿಸಿ ಗಾಳಿ ಆ ಜಾಗದಲ್ಲಿ ಮೇಲೇರಿ ಹೊರಹೋಗುತ್ತದೆ, ಹೊಸ ಗಾಳಿ ಕೆಳಗಿನಿಂದ ಬರುತ್ತದೆ. ಮನೆಯ ಮಾಡಿನ ತತ್ತ್ವವೇ ಇದು. ಹೆಂಚಿನ ಮಾಡು ನೀರನ್ನು ತಡೆಯುವುದು ಬಿಗಿಯಾಗಿ ಮುಚ್ಚಿರುವುದರಿಂದಲ್ಲ, ಇಳಿಜಾರಿನಲ್ಲಿ ನೀರನ್ನು ಬೇಗ ಜಾರಿಸಿಬಿಡುವುದರಿಂದ.

ಗೊರಬೆ ಹೆಚ್ಚಾಗಿ ಹೆಂಗಸರದು. ಉಳುವ ಗಂಡಸಿನ ಪಾಲಿಗೆ ಇದ್ದದ್ದು ಕಂಬಳಿ ಕೊಪ್ಪೆ. ಕರಿಯ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಇಟ್ಟುಕೊಂಡರೆ ಟೊಪ್ಪಿಗೆ, ಉಳಿದದ್ದು ನಿಲುವಂಗಿ. ಹೊಲಿಗೆಯಿಲ್ಲ, ಗುಂಡಿಯಿಲ್ಲ. ಕಂಬಳಿ ಕೊಡಗಿನದಲ್ಲ, ಮಳೆ ಕಡಿಮೆಯಿರುವ ಸೀಮೆಯದು. ಚಳ್ಳಕೆರೆಯಂಥ ಬಯಲಿನ ಊರುಗಳಲ್ಲಿ ಕುರುಬರು ದಕ್ಕನಿ ಕುರಿಯ ಒರಟು ಉಣ್ಣೆಯನ್ನು ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿ ಹಚ್ಚಿ ಬಿಗಿ ಮಾಡಿದ ಕಂಬಳಿ ಘಟ್ಟದ ಮಳೆಗೆ ಬಂದು ನಿಲ್ಲುತ್ತಿತ್ತು. ಬರದ ನಾಡಿನ ಕುರಿ ಮಳೆನಾಡಿನ ರೈತನನ್ನು ಕಾಯುತ್ತಿತ್ತು ಎನ್ನಬಹುದು.

ಉಣ್ಣೆ ನೀರು ಕುಡಿಯುವ ವಸ್ತು. ಹಾಗಿದ್ದೂ ಅದು ಮಳೆಗೆ ಹೇಗೆ ಒದಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಉಣ್ಣೆಯ ಎಳೆಯ ಹೊರಮೈಯಲ್ಲಿ ಮೀನಿನ ಹುರುಪೆಯಂಥ ಪದರವಿದ್ದು, ಅದರ ಮೇಲೆ ಕುರಿಯ ಮೈಜಿಡ್ಡು ಇರುತ್ತದೆ. ಹನಿ ಅದರ ಮೇಲೆ ಉರುಳುತ್ತದೆ. ಆದರೆ ಆವಿ ಒಳಗೆ ನುಸುಳುತ್ತದೆ. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಉಣ್ಣೆ ಮುಟ್ಟಲು ಒದ್ದೆ ಎನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕಂಬಳಿ ನೆನೆದರೂ ಬೆಚ್ಚಗಿರುತ್ತದೆ ಎಂಬ ಹಳಬರ ಮಾತು ಬರಿಯ ಅಭಿಮಾನವಲ್ಲ. ಅಭಿಮಾನದ ಪಾಲೂ ಇಲ್ಲದಿಲ್ಲ. ಒಂದು ಮಿತಿ ದಾಟಿ ನೆಂದ ಕಂಬಳಿಯನ್ನು ಹೊರುವುದೇ ಒಂದು ಕೂಲಿ, ಒಣಗಿಸುವುದು ಇನ್ನೊಂದು. ಸೂರ್ಯನ ಮುಖ ಕಾಣದ ವಾರಗಳಲ್ಲಿ ಒಲೆಯ ಮೇಲಿನ ಅಟ್ಟವೊಂದೇ ಗತಿ. ಹೊಗೆ, ಉಣ್ಣೆ ಮತ್ತು ಮಳೆ ಕೂಡಿದ ಆ ವಾಸನೆಯನ್ನು ಮಲೆನಾಡಿನಲ್ಲಿ ಬೆಳೆದವರು ಮರೆಯಲಾರರು.

ಕಂಬಳಿ ಕೊಳ್ಳಲಾರದವರಿಗೆ ಗೋಣಿ ಕೊಪ್ಪೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿದರೆ ತಲೆಗೆ ಸರಿಯಾದ ಗೂಡು ಸಿದ್ಧ. ಗೋಣಿಕೊಪ್ಪಲು ಎಂಬ ಊರಿನ ಹೆಸರು ಇದರಿಂದ ಬಂತೇ ಎಂದು ಕೇಳುವವರಿದ್ದಾರೆ. ಕೊಪ್ಪಲು ಎಂದರೆ ಸಣ್ಣ ಹಳ್ಳಿ ಎನ್ನುವುದನ್ನು ಮೈಸೂರು ಸೀಮೆಯವರಿಗೆ ಹೇಳಬೇಕಾಗಿಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಗೋಣಿಯ ಜಾಗಕ್ಕೆ ಅದು ಬಂತು. ಮಡಿಸುವ ರೀತಿ ಮಾತ್ರ ಹಾಗೇ ಉಳಿಯಿತು.

ಹೀಗೆ ತಲೆಯಿಂದ ಇಳಿಬೀಳುವ ಮಳೆಹೊದಿಕೆ ಲೋಕದ ಮಳೆನಾಡುಗಳಲ್ಲೆಲ್ಲ ಉಂಟು. ಜಪಾನಿನ ರೈತರು ಹುಲ್ಲಿನ ‘ಮಿನೊ’ ಹೊದೆಯುತ್ತಿದ್ದರು. ಆಂಡೀಸ್ ಪರ್ವತದವರ ‘ಪೊಂಚೊ’ ನಡುವೆ ತಲೆತೂರುವಷ್ಟು ಸೀಳಿದ ಕಂಬಳಿ. ಪೋರ್ಚುಗೀಸರ ‘ಕಾಪ’ ಎಂಬ ನಿಲುವಂಗಿಯ ಹೆಸರು ಜಪಾನಿಗೆ ಹೋಗಿ ‘ಕಪ್ಪಾ’ ಆಯಿತು, ಇಂದಿಗೂ ಅಲ್ಲಿ ಮಳೆಯಂಗಿಗೆ ಆ ಹೆಸರು ಉಳಿದಿದೆ. ಕೊಡಗಿನ ಕೊಪ್ಪೆಗೂ ಜಪಾನಿನ ಕಪ್ಪಾಕ್ಕೂ ಗಂಟು ಹಾಕುವ ಆಸೆ ಯಾರಿಗಾದರೂ ಬಂದೀತು. ತಡೆದುಕೊಳ್ಳುವುದು ಒಳ್ಳೆಯದು.

ಇನ್ನು ಸೈಕಲ್ಲಿನ ಮಾತು. ಸೈಕಲ್ ಕೇಪ್ ಹುಟ್ಟಿದ್ದು ರಬ್ಬರಿನಿಂದ, ಸೈಕಲ್ಲಿನ ಚಕ್ರ ಮೆತ್ತಗಾದದ್ದೂ ರಬ್ಬರಿನಿಂದ. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ರಬ್ಬರನ್ನು ನ್ಯಾಫ್ತಾ ಎಂಬ ಎಣ್ಣೆಯಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿ, ನೀರಿಳಿಯದ ಬಟ್ಟೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಬಟ್ಟೆ ಬಿಸಿಲಿಗೆ ಅಂಟುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು, ವಾಸನೆಯಂತೂ ಹೇಳತೀರದು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಹದಗೊಳಿಸುವ ವಿದ್ಯೆ ಅಮೆರಿಕದ ಗುಡ್‌ಇಯರ್ ಮತ್ತು ಇಂಗ್ಲೆಂಡಿನ ಹ್ಯಾನ್‌ಕಾಕ್ ಅವರಿಂದ 1840ರ ದಶಕದಲ್ಲಿ ಸಿದ್ಧಿಸಿದ ಮೇಲೆ ಆ ಕಾಟ ತಪ್ಪಿತು. ಎರಡೂ ಚಕ್ರ ಸಮನಾಗಿರುವ, ಹಿಂಚಕ್ರಕ್ಕೆ ಚೈನು ಹಾಕಿದ ಸ್ಟಾರ್ಲಿಯ ‘ರೋವರ್’ ಸೈಕಲ್ ಬಂದದ್ದು 1885ರಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಸೈಕಲ್ ದಿನನಿತ್ಯದ ವಾಹನವಾಯಿತು. ಮಳೆಗೆ ಹೆಸರಾದ ಆ ದ್ವೀಪಗಳಲ್ಲಿ ಸವಾರರು ಮಳೆಗಾಗಿ ಒಂದು ಹೊದಿಕೆ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ರಬ್ಬರು ಲೇಪಿಸಿದ ಬಟ್ಟೆಯದು, ಅಗಸೆ ಎಣ್ಣೆ ಕುಡಿಸಿದ ಹತ್ತಿಬಟ್ಟೆಯದು, ಹೀಗೆ ಹಲವು ಬಗೆಯ ಕೇಪುಗಳು ಅಂಗಡಿಗೆ ಬಂದವು.

ಭಾರತದಲ್ಲಿ ಈ ಬಟ್ಟೆಗೆ ಸ್ವದೇಶಿಯ ನಂಟೂ ಇದೆ. ಸುರೇಂದ್ರ ಮೋಹನ್ ಬೋಸ್ 1920ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಬೆಂಗಾಲ್ ವಾಟರ್‌ಪ್ರೂಫ್ ಸಂಸ್ಥೆಯ ‘ಡಕ್‌ಬ್ಯಾಕ್’ ರೇನ್‌ಕೋಟು ನಾಲ್ಕೈದು ದಶಕ ದೇಶದ ಶಾಲಾಮಕ್ಕಳ ಮೈಮೇಲಿತ್ತು. ಬಾತುಕೋಳಿಯ ಬೆನ್ನು ಎಂಬ ಆ ಹೆಸರು ಎಷ್ಟು ಸರಿಯಾದದ್ದು! ಬಾತು ನೀರಿನಲ್ಲೇ ಇದ್ದೂ ಒದ್ದೆಯಾಗದಿರುವುದು ತನ್ನ ಗರಿಗಳ ಜಿಡ್ಡಿನಿಂದ, ಮತ್ತು ಗರಿಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಇಲ್ಲಿಯೂ ಗಾಳಿಯೇ ಮುಖ್ಯ ಎಂಬುದನ್ನು ಗಮನಿಸಬೇಕು.

ಸೈಕಲ್ ಕೊಡಗಿಗೆ ಹೇಳಿಮಾಡಿಸಿದ ವಾಹನವಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 830 ಮೀಟರಿನಷ್ಟರಲ್ಲಿ. ಇಳಿಯುವಾಗ ಸ್ವರ್ಗ, ಹತ್ತುವಾಗ ತಳ್ಳು. ಆದರೂ ಮದರಾಸಿನ ಟಿ.ಐ. ಕಾರ್ಖಾನೆ 1949ರಲ್ಲಿ ಶುರುವಾಗಿ, ಅಟ್ಲಾಸ್, ಹೀರೋಗಳು 1950ರ ದಶಕದಲ್ಲಿ ಬಂದ ಮೇಲೆ ಗೋಣಿಕೊಪ್ಪಲು, ಪೊನ್ನಂಪೇಟೆ, ಕುಶಾಲನಗರದಂಥ ತುಸು ಸಮತಟ್ಟಾದ ಕಡೆಗಳಲ್ಲಿ ಸೈಕಲ್ ಸಲೀಸಾಗಿ ಓಡಾಡಿತು. ಅಂಚೆ ಹಂಚುವವರು, ಹಾಲು ಕೊಡುವವರು, ಪತ್ರಿಕೆ ಎಸೆಯುವ ಹುಡುಗರು, ಕೂಲಿಗೆ ಹೋಗುವವರು. ಇವರಲ್ಲಿ ಯಾರೂ ಮಳೆ ನೋಡಿಕೊಂಡು ರಜೆ ಹಾಕುವ ಹಾಗಿರಲಿಲ್ಲ.

ಇವರು ಮೊದಲು ಹಾಕಿಕೊಂಡದ್ದು ಗುಂಡಿಯ ರೇನ್‌ಕೋಟನ್ನೇ. ನಿಂತವನಿಗೆ ಹೊಲಿದ ಉಡುಪು ಅದು. ಪೆಡಲ್ ತುಳಿಯಲು ಕಾಲೆತ್ತಿದ ಕೂಡಲೆ ಮುಂದಿನ ಎರಡು ಸೆರಗುಗಳು ಬಾಗಿಲಿನಂತೆ ತೆರೆದುಕೊಳ್ಳುತ್ತವೆ. ಮಂಡಿ ಮತ್ತು ತೊಡೆ ಮಳೆಗೆ ಸಿಗುತ್ತವೆ. ಎದೆಯಿಂದ ಇಳಿದ ನೀರು ಮಡಿಲಿಗೆ ಬಂದು ನಿಲ್ಲುತ್ತದೆ. ಇಷ್ಟಾದರೂ ಸಹಿಸಬಹುದು. ಒಳಗಿನ ಮಳೆಯೇ ಸಹಿಸಲಾಗದ್ದು. ಮನುಷ್ಯನ ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲೋ ಅದಕ್ಕಿಂತ ಕಡಿಮೆಯೋ ಪೆಡಲಿಗೆ ಹೋಗುತ್ತದೆ. ಉಳಿದದ್ದೆಲ್ಲ ಶಾಖ. ಏರಿನಲ್ಲಿ 100 ವಾಟ್ ಬಲದಿಂದ ತುಳಿಯುವವನ ಮೈಯಿಂದ 300 ವಾಟಿಗೂ ಮೀರಿದ ಶಾಖ ಹೊರಬರುತ್ತಿರುತ್ತದೆ, ಅಂದರೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯ ಕಾವಿಗೆ ಸಮೀಪ. ಅದನ್ನು ಕಳೆಯಲು ಮೈ ಬೆವರುತ್ತದೆ. ನೀರು ಒಳಗೆ ಬಾರದ ಕೋಟು ಬೆವರನ್ನು ಹೊರಗೂ ಬಿಡುವುದಿಲ್ಲ. ಹಾಗಾಗಿ ಅರ್ಧ ಗಂಟೆ ತುಳಿದವನು ಕೋಟು ಬಿಚ್ಚಿದರೆ ಮಳೆಯಲ್ಲಿ ನೆಂದವನಿಗೂ ಅವನಿಗೂ ವ್ಯತ್ಯಾಸವಿರುವುದಿಲ್ಲ. ಬೆವರಿ ನೆಂದವನು ಏರು ಮುಗಿಸಿ ಇಳಿಜಾರಿಗೆ ಬಂದನೋ, ಆಗ ತಣ್ಣನೆ ಗಾಳಿ ಆ ಒದ್ದೆ ಬಟ್ಟೆಗೆ ಬಡಿಯುತ್ತದೆ. ನಡುಕ ಹುಟ್ಟುವುದು ಅಲ್ಲಿ. ಕೊಡಗಿನ ಜುಲೈ ಚಳಿಗಾಲವಲ್ಲ. 20 ಡಿಗ್ರಿಯ ಆಸುಪಾಸಿನ ಹವೆ ಒಣಗಿದವನಿಗೆ ಹಿತ, ಒದ್ದೆಯಾಗಿ ಇಳಿಯುವವನಿಗೆ ಶತ್ರು.

ಕೇಪ್ ಈ ತೊಡಕನ್ನು ಗೊರಬೆಯ ದಾರಿಯಲ್ಲೇ ಬಿಡಿಸುತ್ತದೆ. ಅದು ತೋಳಿಲ್ಲದ, ಗುಂಡಗಿನ ಅಥವಾ ಪಪ್ಪಾಯಿಯ ಆಕಾರದ ಒಂದು ಹಾಳೆ, ನಡುವೆ ಕುತ್ತಿಗೆಗೆ ಕಿಂಡಿ. ಹಿಂದಿನ ಅಂಚು ಸೀಟನ್ನು ಮುಚ್ಚಿ ಮುಗಿಯುತ್ತದೆ. ಮುಂದಿನ ಅಂಚು ಉದ್ದ, ಅದು ಹ್ಯಾಂಡಲ್ಲಿನ ಮೇಲೆ ಹರಡುತ್ತದೆ. ಕೈಗಳು ಒಳಗೇ ಹ್ಯಾಂಡಲ್ ಹಿಡಿದಿರುತ್ತವೆ. ಒಳಮಗ್ಗುಲಲ್ಲಿ ಎರಡು ಕುಣಿಕೆಗಳಿದ್ದು, ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ಮುಂದಿನ ಅಂಚು ಹಾರುವುದಿಲ್ಲ. ಹಿಂಭಾಗ ಹಾರದಿರಲು ಸೊಂಟಕ್ಕೆ ಒಂದು ಒಳದಾರ. ಇಷ್ಟಾದರೆ ಸವಾರ ಒಂದು ನಡೆಯುವ ಡೇರೆಯೊಳಗೆ ಕೂತಂತೆ. ಮಂಡಿಗಳು ಡೇರೆಯೊಳಗೆ ಏರಿಳಿಯುತ್ತ ತಿದಿಯ ಹಾಗೆ ಗಾಳಿಯಾಡಿಸುತ್ತವೆ. ಬಿಸಿ ಹೊರಹೋಗಲು ಕೆಳಗೆಲ್ಲ ಬಾಗಿಲೇ.

ರೇನ್‌ಕೋಟಿಗೆ ಇಲ್ಲದ ಇನ್ನೊಂದು ಗುಣ ಇದಕ್ಕುಂಟು. ಕೋಟು ಮನುಷ್ಯನನ್ನಷ್ಟೇ ಮುಚ್ಚುತ್ತದೆ, ಕೇಪ್ ಹೊರೆಯನ್ನೂ ಮುಚ್ಚುತ್ತದೆ. ಹ್ಯಾಂಡಲ್ಲಿಗೆ ನೇತುಹಾಕಿದ ಅಂಚೆಚೀಲ, ಪತ್ರಿಕೆಯ ಕಟ್ಟು, ಮುಂದಿನ ಬಾರಿನ ಮೇಲೆ ಅಡ್ಡ ಕೂತ ಮಗು, ಎಲ್ಲವೂ ಡೇರೆಯ ಒಳಗೆ. ಒದ್ದೆಯಾದ ಮನುಷ್ಯ ಒಣಗಬಲ್ಲ. ಒದ್ದೆಯಾದ ಕಾಗದದ ಮೇಲಿನ ಶಾಯಿ ಹರಡಿದರೆ ಮುಗಿಯಿತು. ಅಪ್ಪನ ಕೇಪಿನೊಳಗೆ ಕೂತು ಶಾಲೆಗೆ ಹೋದ ಮಗುವಿಗೆ ಕಂಡದ್ದು ಕೆಳಗೆ ಓಡುವ ದಾರಿ ಮತ್ತು ಮುಂಚಕ್ರದ ಮಡ್‌ಗಾರ್ಡ್ ಇಷ್ಟೇ ಆದರೂ, ಪುಸ್ತಕ ಒಣಗಿರುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಇದರ ಅವಗುಣಗಳನ್ನು ಮುಚ್ಚಿಡುವುದು ಸಲ್ಲದು. ಅವುಗಳಲ್ಲಿ ಕೆಲವು ಅಪಾಯದವು. ಎರಡು ತೋಳುಗಳ ನಡುವೆ ಬಟ್ಟೆ ಜಗ್ಗಿ ಅಲ್ಲೊಂದು ಪುಟ್ಟ ಕೆರೆ ಕಟ್ಟುತ್ತದೆ. ಆಗಾಗ ತೋಳೆತ್ತಿ ಕೋಡಿ ಹರಿಸದಿದ್ದರೆ ಒಂದು ತಿರುವಿನಲ್ಲಿ ಅದು ಕಾಲಿನ ಮೇಲೆ ಇಡಿಯಾಗಿ ಸುರಿಯುತ್ತದೆ. ಇದು ತಮಾಷೆ. ಆದರೆ ತಲೆಯ ಟೊಪ್ಪಿಗೆ ತಮಾಷೆಯಲ್ಲ. ಕೇಪಿಗೆ ಹೊಲಿದಿರುವ ಟೊಪ್ಪಿಗೆ ಕತ್ತು ತಿರುಗಿಸಿದಾಗ ತಾನು ತಿರುಗುವುದಿಲ್ಲ. ಹಿಂದಿನಿಂದ ಬಸ್ಸು ಬರುತ್ತಿದೆಯೇ ಎಂದು ನೋಡಹೊರಟವನಿಗೆ ಟೊಪ್ಪಿಗೆಯ ಒಳಮಗ್ಗುಲು ಕಾಣುತ್ತದೆ. ಜತೆಗೆ ಹನಿಗಳ ಸದ್ದು ಕಿವಿಯ ಪಕ್ಕದಲ್ಲೇ ತಮಟೆ ಬಡಿಯುವುದರಿಂದ ಹಾರನ್ನೂ ಕೇಳದು. ಅದಕ್ಕೇ ಬಲ್ಲವರು ಟೊಪ್ಪಿಗೆಯನ್ನು ಹಿಂದಕ್ಕೆ ಬಿಟ್ಟು, ತಲೆಗೆ ಬೇರೆಯೇ ಅಂಚುಳ್ಳ ಟೋಪಿ ಹಾಕುತ್ತಾರೆ. ಕರಾವಳಿಯವರ ಅಡಿಕೆಹಾಳೆಯ ಮುಟ್ಟಾಳೆ ಈ ಕೆಲಸಕ್ಕೆ ಪಶ್ಚಿಮದ ಯಾವ ಟೋಪಿಗೂ ಕಡಿಮೆಯಿಲ್ಲ. ಹೆಲ್ಮೆಟ್ ಹಾಕುವವರು ಅದರ ಮೇಲೊಂದು ಹೊದಿಕೆ ಹಾಕಿಕೊಂಡರೂ ಆಯಿತು.

ಕೈ ಒಳಗಿರುವುದರಿಂದ ಎಡಕ್ಕೋ ಬಲಕ್ಕೋ ತಿರುಗುವ ಸನ್ನೆ ಹೊರಗೆ ಕಾಣುವುದಿಲ್ಲ. ಮುಂದಿನ ಅಂಚು ತುಸು ಹೆಚ್ಚು ಜಾರಿದರೆ ಹ್ಯಾಂಡಲ್ಲಿನ ಕೆಳಗಿನ ದೀಪವೇ ಮುಚ್ಚಿಹೋಗುತ್ತದೆ. ಹಳೆಯ ಕೇಪುಗಳ ಬಣ್ಣ ಕಪ್ಪು ಅಥವಾ ಖಾಕಿ. ಮಂಜು ಇಳಿದ ಸಂಜೆ ಐದರ ಹೊತ್ತಿಗೆ, ಸಿಲ್ವರ್ ಓಕ್ ಮರಗಳ ನೆರಳಿನ ತೋಟದ ರಸ್ತೆಯಲ್ಲಿ, ಲಾರಿಯ ಕಣ್ಣಿಗೆ ಅದು ಕಾಣುವುದು ತೀರ ತಡವಾಗಿ. ಹಳದಿ ಕೇಪ್ ಅಂದಕ್ಕೆಂದು ಬಂದದ್ದಲ್ಲ. ಬೆನ್ನಿನ ಮೇಲೆ ಬೆಳಕು ಮರಳಿಸುವ ಒಂದು ಪಟ್ಟಿ ಅಂಟಿಸುವುದಕ್ಕೆ ಖರ್ಚು ಹೆಚ್ಚಿಲ್ಲ.

ಎಲ್ಲಕ್ಕಿಂತ ದೊಡ್ಡ ವೈರಿ ಗಾಳಿ. ಗೊರಬೆಯ ದೌರ್ಬಲ್ಯವೂ ಇದೇ. ಬಗ್ಗಿದ್ದಾಗ ಗಾಳಿ ಅದರ ಮೇಲಿಂದ ಜಾರಿಹೋಗುತ್ತದೆ, ನೆಟ್ಟಗೆ ನಿಂತು ಬದುವಿನ ಮೇಲೆ ನಡೆದರೆ ಎತ್ತಿ ಒಗೆಯುತ್ತದೆ. ಕೇಪ್ ತೊಟ್ಟವನೂ ಹಾಯಿಕಟ್ಟಿದ ದೋಣಿಯೇ. ಎದುರುಗಾಳಿಯಲ್ಲಿ ತುಳಿತ ಭಾರವಾಗುತ್ತದೆ, ಅದನ್ನು ತಡೆದುಕೊಳ್ಳಬಹುದು. ಗುಡ್ಡದ ಮರೆಯಿಂದ ಒಮ್ಮೆಗೇ ಬಯಲಿಗೆ ಬಂದಾಗ ಪಕ್ಕದಿಂದ ಬೀಸುವ ಗಾಳಿ ಸೈಕಲ್ಲನ್ನು ರಸ್ತೆಯ ನಡುವಿಗೆ ತಳ್ಳಬಲ್ಲದು. ಅಂಥ ಕಡೆ ಇಳಿದು ತಳ್ಳುವುದರಲ್ಲಿ ನಾಚಿಕೆಯಿಲ್ಲ. ಕೇಪಿನ ಅಂಚು ಚೈನಿಗೋ ಹಿಂಚಕ್ರದ ಕಡ್ಡಿಗಳಿಗೋ ಸಿಕ್ಕರೆ ಆಗುವ ಅನಾಹುತ ಹೇಳಬೇಕಿಲ್ಲ. ಹಳೆಯ ಸೈಕಲ್ಲುಗಳಲ್ಲಿ ಚೈನಿಗೆ ಪೂರ್ತಿ ಪೆಟ್ಟಿಗೆ ಇರುತ್ತಿತ್ತು, ಹೆಂಗಸರ ಸೈಕಲ್ಲಿನ ಹಿಂಚಕ್ರಕ್ಕೆ ಬಲೆ ಇರುತ್ತಿತ್ತು. ಗೇರಿನ ಹೊಸ ಸೈಕಲ್ಲುಗಳಲ್ಲಿ ಎರಡೂ ಇಲ್ಲ, ಹಲವಕ್ಕೆ ಮಡ್‌ಗಾರ್ಡೂ ಇಲ್ಲ. ಮಡ್‌ಗಾರ್ಡಿಲ್ಲದ ಸೈಕಲ್ಲಿನ ಮೇಲೆ ಕೇಪ್ ತೊಡುವುದು ವ್ಯರ್ಥ. ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ, ಟೈರಿನಿಂದ ಕೆಳಗಿನಿಂದಲೂ ಬರುತ್ತದೆ. ತೆರೆದ ಅಡಿ ಆಗ ಕೆಸರಿಗೆ ಹಾದಿ ಮಾಡಿಕೊಡುತ್ತದೆ.

ಬ್ರೇಕಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಬೆಚ್ಚಗೆ ಕೂತವನು ಧೈರ್ಯವಾಗಿ ಇಳಿಯುತ್ತಾನೆ. ಹಳೆಯ ಸೈಕಲ್ಲುಗಳ ಉಕ್ಕಿನ ರಿಮ್ಮಿಗೆ ರಬ್ಬರಿನ ಗುಟ್ಟೆ ಒತ್ತುವ ಬ್ರೇಕು ಒಣಗಿದ್ದಾಗ ಸುಮಾರಿಗೆ ಹಿಡಿಯುತ್ತದೆ. ನೀರಿನ ಪೊರೆ ಕೂತಿತೆಂದರೆ ಒತ್ತಿದರೂ ಜಾರುತ್ತದೆ, ನಿಲ್ಲುವ ದೂರ ಹಲವು ಪಟ್ಟು ಬೆಳೆಯುತ್ತದೆ. ಇಳಿಜಾರು ಶುರುವಾಗುವ ಮೊದಲೇ ಹಗುರಾಗಿ ಒತ್ತುತ್ತ ಚಕ್ರವನ್ನು ಒರೆಸಿಕೊಳ್ಳುತ್ತ ಬರುವುದೊಂದೇ ಉಪಾಯ. ಅಲ್ಯುಮಿನಿಯಂ ರಿಮ್ಮು ವಾಸಿ. ಡಿಸ್ಕ್ ಬ್ರೇಕು ಇನ್ನೂ ವಾಸಿ.

ಈಗಿನ ಕಾಲದಲ್ಲಿ ಕೇಪ್ ಏಕೆ, ಉಸಿರಾಡುವ ಬಟ್ಟೆಯ ಜಾಕೆಟ್ಟುಗಳು ಬಂದಿವೆಯಲ್ಲ ಎನ್ನಬಹುದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನನ್ನು ಜಗ್ಗಿ ಎಳೆದು ಕಣ್ಣಿಗೆ ಕಾಣದ ರಂಧ್ರಗಳ ಪೊರೆ ಮಾಡಿದ. ಆ ರಂಧ್ರದಲ್ಲಿ ಹನಿ ತೂರದು, ಆವಿ ತೂರುತ್ತದೆ. 1970ರ ದಶಕದಿಂದ ಅದರ ಬಟ್ಟೆ ಮಾರುಕಟ್ಟೆಯಲ್ಲಿದೆ. ವಿದ್ಯೆ ನಿಜ, ಬೆಲೆಯೂ ನಿಜ. ಆದರೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಅದಕ್ಕೆ ಜಾಗವಿರಬೇಕು. ಒಳಗಿನ ಆವಿಯ ಒತ್ತಡಕ್ಕೂ ಹೊರಗಿನ ಆವಿಯ ಒತ್ತಡಕ್ಕೂ ಇರುವ ಅಂತರವೇ ಅದನ್ನು ತಳ್ಳುವ ಶಕ್ತಿ. ಒಣ, ತಣ್ಣನೆಯ ಪರ್ವತದ ಹವೆಯಲ್ಲಿ ಆ ಅಂತರ ದೊಡ್ಡದು. ಕಕ್ಕಡದ ಭಾಗಮಂಡಲದಲ್ಲಿ ಗೋಡೆ ಬೆವರುತ್ತದೆ, ಉಪ್ಪು ಕರಗುತ್ತದೆ, ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿನ ಗಾಳಿ ಆಗಲೇ ತುಂಬಿದ ಕೊಡ. ಮೈ ಸುತ್ತಲಿನ ಗಾಳಿಗಿಂತ ಬಿಸಿಯಿರುವುದರಿಂದ ಸ್ವಲ್ಪ ಅಂತರ ಉಳಿಯುತ್ತದೆ, ನಿಜ. ಏರು ತುಳಿಯುವವನ ಬೆವರಿಗೆ ಅದು ಸಾಲದು. ಮೇಲಾಗಿ ಹೊರಬಟ್ಟೆ ನೀರು ಕುಡಿದು ಪೊರೆಯ ಮೇಲೆ ನೀರಿನ ಹಾಳೆಯೇ ಕೂತರೆ ಆವಿಗೆ ಬಾಗಿಲು ಮುಚ್ಚಿದಂತೆ. ಆಗ ಸಾವಿರಾರು ರೂಪಾಯಿಯ ಜಾಕೆಟ್ಟಿಗೂ ನೂರಾರು ರೂಪಾಯಿಯ ರೇನ್‌ಕೋಟಿಗೂ ಅಂತರ ಕಡಿಮೆ. ಗೊರಬೆಗೂ ಕೇಪಿಗೂ ಈ ಪೇಚಿಲ್ಲ. ಅವು ಬಟ್ಟೆಯ ಮೂಲಕ ಉಸಿರಾಡುವುದಿಲ್ಲ, ಬಟ್ಟೆಯ ಪಕ್ಕದಿಂದ ಉಸಿರಾಡುತ್ತವೆ.

ಹೀಗಿದ್ದೂ ಎರಡೂ ಕಣ್ಮರೆಯ ಹಾದಿ ಹಿಡಿದಿವೆ. ಗೊರಬೆ ಹೆಣೆಯಲು ಬಿದಿರು ಬೇಕು, ಬಿದಿರು ಸೀಳಬಲ್ಲ ಮೇದರ ಕೈ ಬೇಕು, ಗರಿ ಹಾಸುವ ತಾಳ್ಮೆ ಬೇಕು. ಅದಕ್ಕಿಂತ ಮೊದಲು ನಾಟಿ ಮಾಡುವ ಗದ್ದೆ ಬೇಕು. ಕೊಡಗಿನಲ್ಲಿ ಗದ್ದೆ ಪಾಳುಬೀಳುತ್ತಿರುವುದನ್ನು, ಕೆಲವೆಡೆ ಅಡಿಕೆ, ಶುಂಠಿಗೆ ತಿರುಗಿರುವುದನ್ನು ದಾರಿಹೋಕರೂ ಕಾಣಬಲ್ಲರು. ಉಳಿದಿರುವ ನಾಟಿಯಲ್ಲೂ ಹೆಂಗಸರ ಬೆನ್ನ ಮೇಲಿರುವುದು ತೆಳು ಪ್ಲಾಸ್ಟಿಕ್ ಹಾಳೆ. ಅದು ಹಗುರ, ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಒದ್ದೆ ಬೆನ್ನಿಗೆ ಅಂಟಿಕೊಳ್ಳುತ್ತದೆ, ಒಂದು ಮಳೆಗಾಲಕ್ಕೆ ಹರಿಯುತ್ತದೆ, ಮುಂದಿನ ವರ್ಷ ತೋಡಿನ ಬೇಲಿಯಲ್ಲಿ ನೇತಾಡುತ್ತಿರುತ್ತದೆ. ಗೊರಬೆಯನ್ನು ಅಟ್ಟದಲ್ಲಿಟ್ಟರೆ ಹಲವು ವರ್ಷ ಬಾಳುತ್ತಿತ್ತು, ಸತ್ತ ಮೇಲೆ ಗೊಬ್ಬರಗುಂಡಿ ಸೇರುತ್ತಿತ್ತು. ಪ್ಲಾಸ್ಟಿಕ್ಕನ್ನು ಬೈಯುವುದು ಸುಲಭ. ಗೊರಬೆಯ ತೂಕವನ್ನು ದಿನವಿಡೀ ಕುತ್ತಿಗೆಯಲ್ಲಿ ಹೊತ್ತವರು ಹಾಗೆ ಬೈದದ್ದು ಕಡಿಮೆ ಎಂಬುದನ್ನೂ ಹೇಳಬೇಕು.

ಕೇಪನ್ನು ಹಿಂದಕ್ಕೆ ತಳ್ಳಿದ್ದು ಸ್ಕೂಟರು, ಬೈಕು. ಎಂಜಿನ್ನಿನ ಮೇಲೆ ಕೂತವನು ಬೆವರುವುದಿಲ್ಲ. ಅವನಿಗೆ ಮುಚ್ಚಿದ ಕೋಟು, ಪ್ಯಾಂಟು ಸರಿಹೋಗುತ್ತವೆ. ಅವನ ವೇಗಕ್ಕೆ ಕೇಪ್ ತೊಡುವುದು ಅಪಾಯ, ಹಾರಿ ಮುಖ ಮುಚ್ಚಬಹುದು, ಚಕ್ರಕ್ಕೆ ಸಿಕ್ಕಬಹುದು. ಅಂಗಡಿಗಳು ಅವನನ್ನು ನೋಡಿ ಸರಕು ತರಿಸುತ್ತವೆ. ಆದ್ದರಿಂದ ಕತ್ತಲಲ್ಲೇ ಎದ್ದು ಪತ್ರಿಕೆ ಹಂಚಲು ಹೊರಡುವ ಹುಡುಗನಿಗೆ, ಎಸ್ಟೇಟಿನ ಲೈನ್‌ಮನೆಯಿಂದ ಸೈಕಲ್ ತುಳಿದು ಕೆಲಸಕ್ಕೆ ಬರುವವನಿಗೆ ಸಿಗುವುದು ಬೈಕಿನವನಿಗೆಂದು ಹೊಲಿದ ಕೋಟು. ಅವನು ಅದನ್ನು ತೊಟ್ಟು ಒಳಗೇ ನೆನೆಯುತ್ತಾನೆ, ಇಲ್ಲವೆ ಬೇಡವೆಂದು ಬಿಟ್ಟು ಹೊರಗೇ ನೆನೆಯುತ್ತಾನೆ. ದಿನಕ್ಕೆರಡು ಬಾರಿ, ನಾಲ್ಕು ತಿಂಗಳು. ನೆಗಡಿ ಕೆಮ್ಮಿನ ಲೆಕ್ಕ ಬಿಡಿ, ಅವನು ಕಳೆದುಕೊಳ್ಳುವ ಕೂಲಿಯ ದಿನಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಕೇಪ್ ಹೊಲಿಯುವುದು ದೊಡ್ಡ ವಿದ್ಯೆಯಲ್ಲ. ಊರಿನ ದರ್ಜಿ ಮಾಡಬಲ್ಲ. ಒಳಗೆ ಲೇಪವಿರುವ, ಕೊಡೆಯ ಬಟ್ಟೆಗಿಂತ ತುಸು ದಪ್ಪನೆಯ ನೈಲಾನ್ ಸಾಕು. ಸವಾರನನ್ನು ಸೈಕಲ್ಲಿನ ಮೇಲೆ ಕೂರಿಸಿಯೇ ಅಳತೆ ತೆಗೆಯಬೇಕು, ನಿಲ್ಲಿಸಿ ಅಲ್ಲ. ಕುತ್ತಿಗೆಯಿಂದ ಹ್ಯಾಂಡಲ್ ದಾಟಿ ಒಂದು ಗೇಣು, ದೀಪ ಮುಚ್ಚದಷ್ಟು. ಹಿಂದೆ ಸೀಟಿನಿಂದ ಒಂದು ಗೇಣು, ಚಕ್ರ ಮುಟ್ಟದಷ್ಟು. ಭುಜದ ಮೇಲೆ ಹೊಲಿಗೆ ಬರಬಾರದು, ನೀರು ಮೊದಲು ಇಳಿಯುವುದು ಅಲ್ಲಿಂದ. ಬೇರೆಡೆ ಬಂದ ಹೊಲಿಗೆಗೆ ಒಳಗಿನಿಂದ ಪಟ್ಟಿ ಅಂಟಿಸಬೇಕು. ಕುಣಿಕೆ ಎರಡು, ಸೊಂಟದ ದಾರ ಒಂದು. ಪಾದ ಹೇಗೂ ಒದ್ದೆಯಾಗುತ್ತದೆ, ಅದಕ್ಕೆ ಯಾವ ಕೇಪಿನಲ್ಲೂ ಮದ್ದಿಲ್ಲ. ರಬ್ಬರ್ ಚಪ್ಪಲಿ ಹಾಕಿ, ಒಣಗಿದ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಳ್ಳುವುದೇ ಜಾಣತನ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬ ನಾಟಿ ಮುಗಿದದ್ದರ ಗುರುತು. ಆ ಹೊತ್ತಿಗೆ ಗೊರಬೆಗಳು ಒಲೆಯ ಮೇಲಿನ ಅಟ್ಟ ಸೇರುತ್ತಿದ್ದವು. ಹೊಗೆ ಹಿಡಿದಷ್ಟೂ ಬಿದಿರಿಗೆ ಹುಳು ಬೀಳುವುದಿಲ್ಲ. ಕೇಪಿಗೆ ಮಾತ್ರ ಆ ಅಟ್ಟ ಆಗದು. ಒಲೆಯ ಕಾವಿಗೆ ರಬ್ಬರು ಅಂಟಾಗಿ, ಮರುವರ್ಷ ಬಿಚ್ಚಲಾರದ ಗಂಟಾಗುತ್ತದೆ. ಅದನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಟ್ಯೂಬಿಗೆ ಹಚ್ಚುವ ಸೀಮೆಸುಣ್ಣದ ಪುಡಿಯನ್ನೇ ತೆಳುವಾಗಿ ಉದುರಿಸಿ, ಮಡಿಸದೆ ಗೂಟಕ್ಕೆ ನೇತುಹಾಕಬೇಕು. ಮಡಿಸಿಟ್ಟರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ, ಮುಂದಿನ ಜೂನ್‌ನ ಮೊದಲ ಮಳೆಯ ದಿನ ಅದು ಗೊತ್ತಾಗುತ್ತದೆ.